ಬಟ್ಟಲು ಆರುವ ತನಕ

ಬಸ್ಸಿನ ಹಣೆಯ ಮೇಲಿನ ಸಂಖ್ಯೆ ನಿನ್ನೆ ಕಂಡಿತ್ತು, ಇವತ್ತು ಕಾಣಲಿಲ್ಲ. ನಿನ್ನೆ ಇದೇ ಕಂಬದ ಪಕ್ಕ ನಿಂತು, ಇಷ್ಟೇ ದೂರದಿಂದ, ಸಂಖ್ಯೆಯನ್ನಷ್ಟೇ ಅಲ್ಲ, ಚಾಲಕನ ಬೆನ್ನ ಹಿಂದೆ ತೂಗುತ್ತಿದ್ದ ಚೀಲದ ಪಟ್ಟೆಗಳನ್ನೂ ಅವನು ಎಣಿಸಿದ್ದ. ಹತ್ತಿದ ಮೇಲೆ ಕೈಗೆ ಬಂದ ಟಿಕೆಟ್ಟಿನ ಅಕ್ಷರ ಮಾತ್ರ ನೀರು ಬಿದ್ದು ಕದಡಿದ ಹಾಗಿತ್ತು. ಇವತ್ತು ಅದೇ ಟಿಕೆಟ್ಟನ್ನು ಜೇಬಿನಿಂದ ತೆಗೆದು ಹಿಡಿದರೆ ಒಂದೊಂದು ಅಕ್ಷರವೂ ಓದಲು ಬರುತ್ತದೆ, ಎದುರಿನ ಬಸ್ಸು ಮಾತ್ರ ಬರಿಯ ಕೆಂಪು ಬಣ್ಣವಾಗಿ ಉರುಳಿಕೊಂಡು ಬರುತ್ತಿದೆ. ಕೆಡುವ ಕಣ್ಣು ಮರ್ಯಾದೆಯಿಂದ ಒಂದೇ ದಿಕ್ಕಿನಲ್ಲಿ ಕೆಡಬಾರದೆ? ಅಣ್ಣನ ಕಣ್ಣು ಹಾಗೆ ಕೆಟ್ಟಿತ್ತು, ಯಾರೋ ದೀಪದ ಬತ್ತಿಯನ್ನು ದಿನಕ್ಕಿಷ್ಟು ಎಂದು ಇಳಿಸುತ್ತ ಬಂದ ಹಾಗೆ. ಅದರಲ್ಲಿ ಒಂದು ನಿಯಮವಾದರೂ ಇತ್ತು. ಪಕ್ಕದಲ್ಲಿ ನಿಂತಿದ್ದ ಹೆಂಗಸನ್ನು, ಇದು ಯಾವ ನಂಬರು ತಾಯಿ, ಎಂದು ಕೇಳಿಬಿಟ್ಟರೆ ಮುಗಿಯುತ್ತಿತ್ತು. ಮೂವತ್ತೊಂದು ವರ್ಷ ಸೂಜಿಗಣ್ಣ ಎಂದು ಕರೆಸಿಕೊಂಡವನ ನಾಲಿಗೆ ಆ ಪ್ರಶ್ನೆಗೆ ಏಳಲಿಲ್ಲ. ಬಂದದ್ದನ್ನು ಹತ್ತಿದ. ಅದು ಎರಡನೇ ತಿರುವಿನಲ್ಲಿ ಬೇರೆ ಕಡೆಗೆ ಹೊರಳಿತು, ಅವನು ಇಳಿದು ಬಿಸಿಲಿನಲ್ಲಿ ನಡೆದ.

ಸೂಜಿಗಣ್ಣ ಎಂಬ ಹೆಸರು ಲ್ಯಾಬಿನಲ್ಲಿ ಬಿದ್ದದ್ದು. ಊರಿನ ಅರ್ಧ ಜನರ ರಕ್ತ ಅವನ ಮೈಕ್ರೋಸ್ಕೋಪಿನ ಕೆಳಗೆ ಹಾದುಹೋಗಿದೆ. ಬೇರೆಯವರು ಏನೂ ಇಲ್ಲವೆಂದು ಬರೆದು ಕಳಿಸಿದ ಸ್ಲೈಡಿನ ಮೂಲೆಯಲ್ಲಿ ಒಂದೇ ಒಂದು ಜ್ವರದ ಕ್ರಿಮಿಯನ್ನು ಹೆಕ್ಕಿ ತೋರಿಸಿದವನು. ಬೆಣ್ಣೆಯಲ್ಲಿ ಕೂದಲು ತೆಗೆಯುವಷ್ಟು ಸಲೀಸು ಎಂದು ಹಳೆಯ ಡಾಕ್ಟರು ಎಲ್ಲರೆದುರು ಹೊಗಳಿದ್ದರು. ಲ್ಯಾಬಿನಲ್ಲಿ ಎರಡು ಮೈಕ್ರೋಸ್ಕೋಪು, ಎರಡು ಕುರ್ಚಿ. ಕಿಟಕಿಯ ಪಕ್ಕದ್ದು ಅವನದು. ಎರಡನೆಯದರಲ್ಲಿ ಕೂರುವವಳಿಗೆ ಆರು ವರ್ಷದ ಹಿಂದೆ ಅವನೇ ಕೆಲಸ ಕಲಿಸಿದ್ದು, ಅವಳ ಮೊದಲ ಹೆರಿಗೆಯ ರಜೆಗೆ ಅವನೇ ಎರಡು ಪಾಲು ದುಡಿದದ್ದು. ಹೋದ ವಾರ ಅವನು ಒಂದು ಮಗುವಿನ ರಕ್ತದ ಲೆಕ್ಕವನ್ನು ಇನ್ನೊಬ್ಬ ಮುದುಕನ ಸಾಲಿನಲ್ಲಿ ಬರೆದ. ಲೆನ್ಸಿನೊಳಗೆ ಎಲ್ಲ ಸರಿಯಾಗೇ ಕಂಡಿತ್ತು. ಅಲ್ಲಿ ಕಣ್ಣು ಎಷ್ಟು ಕೆಟ್ಟಿದ್ದರೂ ತಿರುಪು ಸ್ವಲ್ಪ ತಿರುಗಿಸಿದರೆ ಸ್ಪಷ್ಟವಾಗುತ್ತದೆ, ಮೈಕ್ರೋಸ್ಕೋಪು ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಕೈಕೊಟ್ಟದ್ದು ಕೊಳವೆಯ ಮೇಲೆ ಅಂಟಿಸಿದ ಚೀಟಿಯ ಸಂಖ್ಯೆ. ವರದಿ ಹೊರಗೆ ಹೋಗುವ ಮುಂಚೆ ಎರಡನೇ ಕುರ್ಚಿಯವಳು ಹಿಡಿದಳು. ಹಿಡಿದವಳು, ಸರ್ ಇದು ನೋಡಿ, ಎಂದು ಅವನ ಹತ್ತಿರ ಬರಬಹುದಿತ್ತು. ಬರಲಿಲ್ಲ. ಕಾಗದ ಹಿಡಿದುಕೊಂಡು ನೇರವಾಗಿ ಲ್ಯಾಬಿನ ಈಗಿನ ಮೇಲಧಿಕಾರಿ ಡಾಕ್ಟರಮ್ಮನ ಕೋಣೆಗೆ ಹೋದಳು. ನಾಲ್ಕು ದಿನದಿಂದ ಅವನು ಕೌಂಟರಿನಲ್ಲಿ ಕೂತು ಬಂದವರಿಗೆ ವರದಿಯ ಲಕೋಟೆ ಕೊಡುತ್ತಿದ್ದಾನೆ. ಕಣ್ಣು ತೋರಿಸಿಕೊಂಡು ಬನ್ನಿ, ಬುಧವಾರ ಮೂರು ಗಂಟೆಗೆ ಹತ್ತು ಸ್ಲೈಡು ಕೊಡ್ತೀನಿ, ಓದಿ ತೋರಿಸಿ, ಕುರ್ಚಿ ನಿಮ್ಮದೇ, ಎಂದಿದ್ದರು ಡಾಕ್ಟರಮ್ಮ. ಇವತ್ತು ಬುಧವಾರ.

ಕನ್ನಡಕದಂಗಡಿಯವನು ಆಗಷ್ಟೇ ಬಾಗಿಲು ತೆಗೆದು ಗಾಜು ಒರೆಸುತ್ತಿದ್ದ. ಮೂರು ವಾರದ ಹಿಂದೆ ಇಲ್ಲೇ ಹೊಸ ಕನ್ನಡಕ ಮಾಡಿಸಿದ್ದು. ಹತ್ತು ದಿನ ಚೆನ್ನಾಗಿ ಕೂತಿತ್ತು, ಹನ್ನೊಂದನೇ ದಿನದಿಂದ ಅದು ಬೇರೆ ಯಾರದೋ ಕನ್ನಡಕ. ಅಂಗಡಿಯವನು ಅವನನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಮೂಗಿನ ಮೇಲೆ ಭಾರವಾದ ಚೌಕಟ್ಟು ಇಟ್ಟು, ಗಾಜು ಬದಲಾಯಿಸುತ್ತ, ಇದು ಚೆನ್ನಾಗಿದ್ಯಾ, ಅದು ಚೆನ್ನಾಗಿದ್ಯಾ, ಎಂದು ಕೇಳುತ್ತ ಹೋದ. ಕೊನೆಗೆ ಹಳೆಯ ಚೀಟಿ ತೆಗೆದು ನೋಡಿ ತುಟಿ ಕಚ್ಚಿಕೊಂಡ.

"ಅವತ್ತು ಒಂದು ಅಳತೆ, ಇವತ್ತು ಒಂದು ಅಳತೆ. ಮೂರು ವಾರದಲ್ಲಿ ಇಷ್ಟು ಹೊರಳಲ್ಲ ಸಾರ್ ಕಣ್ಣು. ಅವತ್ತು ಕೇಳಿದೆ, ಸಕ್ಕರೆ ಇದ್ಯಾ ಅಂತ. ಇಲ್ಲ ಅಂದ್ರಿ."

"ಇಲ್ಲ ಅಂದ್ನಲ್ಲ."

"ನಾನೇನು ನಿಮ್ಮ ಬೀಗರಲ್ಲ, ನನ್ನ ಹತ್ರ ಯಾಕೆ ಮುಚ್ಚಿಡ್ತೀರಿ? ಸಕ್ಕರೆ ಏರಿದ್ರೂ ಇಳಿದ್ರೂ ಕಣ್ಣೊಳಗಿನ ಮಸೂರ ಉಬ್ಬುತ್ತೆ, ಕುಗ್ಗುತ್ತೆ. ಈಗೀಗ ಅನ್ನ, ಬ್ರೆಡ್ಡು ಎಲ್ಲ ಒಂದೇ ಸಲ ಬಿಟ್ಟು ಬರೋರು ಜಾಸ್ತಿ. ಬಿಟ್ಟ ಹೊಸದ್ರಲ್ಲಿ ಕೆಲವರಿಗೆ ಕಣ್ಣು ಮಂಜಾಗುತ್ತೆ. ಒಂದೇ ಸಮ ನಡೆಸ್ಕೊಂಡು ಹೋದ್ರೆ ಒಂದು ಆರು ವಾರಕ್ಕೆ ತಾನೇ ನಿಲ್ಲುತ್ತೆ. ಆಮೇಲೆ ಕನ್ನಡಕ."

"ಏಳು ವಾರ ಆಯ್ತು," ಎಂದು ಅವನ ಬಾಯಿಂದ ಬಂದುಬಿಟ್ಟಿತು.

ಅಂಗಡಿಯವನು ನಕ್ಕ. ಕೆಟ್ಟ ನಗುವಲ್ಲ, ಆದರೆ ಚೆನ್ನಾಗಿ ಗೊತ್ತಿರುವ ನಗು. "ಹಾಗಾದ್ರೆ ಮಧ್ಯ ಮಧ್ಯ ಏನೋ ಬಾಯಿಗೆ ಹೋಗ್ತಿದೆ. ಒಂದಿನ ಬಿಟ್ಟು ಒಂದಿನ ತಿಂದ್ರೆ ಯಾವ ಕನ್ನಡಕವೂ ಕೂರಲ್ಲ ಸಾರ್."

"ಒಂದಗುಳು ಮುಟ್ಟಿಲ್ಲ ಕಣಯ್ಯ ನಾನು!"

"ಎಲ್ರೂ ಹಾಗೇ ಹೇಳೋದು," ಎಂದು ಅಂಗಡಿಯವನು ಮತ್ತೆ ಗಾಜು ಒರೆಸತೊಡಗಿದ. ನಿಮಗೆ ರೆಟಿನಾ ತೋರಿಸೋದೂ ಒಳ್ಳೇದು, ಯಾವುದಕ್ಕೂ ದೊಡ್ಡ ಡಾಕ್ಟ್ರ ಹತ್ರ ಹೋಗಿ, ಎಂದು ಬೆನ್ನ ಹಿಂದಿನಿಂದ ಕೂಗಿದ. ಏಳು ವಾರ ಹಸಿವನ್ನು ಹಲ್ಲು ಕಚ್ಚಿ ನುಂಗಿದವನನ್ನು ಕದ್ದು ತಿನ್ನುವವನೆಂದು ಕರೆದು ಕಳಿಸಿದ್ದಾನೆ! ಅವಮಾನಕ್ಕೆ ಕಿವಿ ಬಿಸಿಯಾಯಿತು. ರಸ್ತೆಯಲ್ಲಿ ಎದುರಾದವರ ಮುಖಗಳಿಗೆ ಕಣ್ಣು ಮೂಗು ಇರಲಿಲ್ಲ, ಆದರೆ ಎಲ್ಲರೂ ಅದೇ ನಗು ನಗುತ್ತಿದ್ದಾರೆಂದು ಅನ್ನಿಸಿತು.

ಮುಚ್ಚಿಟ್ಟದ್ದು ಹೌದು. ಆದರೆ ಅದು ಸುಳ್ಳಲ್ಲ, ಕರುಣೆ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಒಂಬತ್ತು ವರ್ಷದ ಹಿಂದೆ ಅಣ್ಣ ತೀರಿಕೊಂಡದ್ದು ಇವರ ಮನೆಯಲ್ಲೇ, ಒಳಗಿನ ಸಣ್ಣ ಕೋಣೆಯಲ್ಲಿ. ಎರಡು ವರ್ಷ ಅಣ್ಣನನ್ನು ನೋಡಿಕೊಂಡದ್ದು ಅವನಲ್ಲ, ಅವನ ಹೆಂಡತಿ. ಕಣ್ಣು ಮಂಜಾಗುತ್ತಿದೆ ಕಣೋ ಎಂದು ಅಣ್ಣ ಮೊದಲ ಸಲ ಹೇಳಿದಾಗ, ವಯಸ್ಸಾಯ್ತು ಮಾರಾಯ, ಕನ್ನಡಕ ಹಾಕ್ಕೋ, ಎಂದು ಇವನು ನಕ್ಕಿದ್ದ. ರಕ್ತ ನೋಡುವುದೇ ಕಸುಬಾದವನು ಸ್ವಂತ ಅಣ್ಣನ ರಕ್ತ ನೋಡಲು ಮತ್ತೆ ಎಂಟು ತಿಂಗಳು ತೆಗೆದುಕೊಂಡ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಯಾರಿಗೋ ಹೇಳಿದ ಮಾತಲ್ಲ. ಆಮೇಲೆ ಅಣ್ಣ ಸಣ್ಣಗಾದ. ಒಂದೊಂದೇ ತಿನ್ನುವುದು ಬಿಟ್ಟ. ಬಾಗಿಲಲ್ಲಿ ಇವನು ನಿಂತರೆ ಸ್ಪಿರಿಟ್ಟಿನ ವಾಸನೆಯಿಂದ ಗುರುತು ಹಿಡಿದು, ಬಂದ್ಯಾ, ಎನ್ನುತ್ತಿದ್ದ, ಗೋಡೆಯ ಕಡೆ ಮುಖ ಮಾಡಿ. ಎಲ್ಲ ಮುಗಿದ ದಿನ ಹೆಂಡತಿ ಆ ಕೋಣೆಯ ನೆಲ ಒರೆಸುತ್ತ, ತಲೆ ಎತ್ತದೆ, "ಇನ್ನೊಬ್ಬರನ್ನ ಹೀಗೆ ನೋಡೋ ಶಕ್ತಿ ನನಗಿಲ್ಲ ಕಣ್ರೀ," ಎಂದಿದ್ದಳು. ಎರಡು ತಿಂಗಳ ಹಿಂದೆ, ಬಾಯಾರಿಕೆ ಹೆಚ್ಚಾಗಿ, ಎಲ್ಲರೂ ಹೋದ ಮೇಲೆ ತನ್ನ ತೋಳಿನಿಂದ ತಾನೇ ರಕ್ತ ಎಳೆದು ಕೊಳವೆಗೆ ತುಂಬಿದಾಗ, ಚೀಟಿಯ ಮೇಲೆ ತನ್ನ ಹೆಸರು ಬರೆಯಲು ಕೈ ಬರಲಿಲ್ಲ. ಯಾವುದಾದರೂ ಹೆಸರು ಬೇಕಿತ್ತು. ಕೈಗೆ ಬಂದದ್ದು ಅಣ್ಣನ ಹೆಸರು. ಯಂತ್ರ ಅಣ್ಣನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಮತ್ತೊಮ್ಮೆ ಹೇಳಿತು.

ಮಾತ್ರೆ ತೆಗೆದುಕೊಂಡರೆ ಮನೆಯಲ್ಲಿ ಗೊತ್ತಾಗುತ್ತದೆ. ಊಟ ಬಿಟ್ಟರೆ ಗೊತ್ತಾಗುವುದಿಲ್ಲ. ಅನ್ನ, ಬ್ರೆಡ್ಡು, ಆಲೂಗಡ್ಡೆ, ಬಾಳೆಹಣ್ಣು, ಚಹಾದ ಸಕ್ಕರೆ, ಎಲ್ಲಕ್ಕೂ ಒಂದೇ ದಿನ ಕೈಮುಗಿದ. ಹೊಟ್ಟೆ ಕರಗಿಸ್ತೀನಿ, ಎಂದು ಹೆಂಡತಿಗೆ ಹೇಳಿದಾಗ ಅವಳು ಸೌಟು ಹಿಡಿದುಕೊಂಡೇ ನಕ್ಕಿದ್ದಳು. "ಯಾರಿಗೆ ತೋರಿಸೋಕೆ? ಈ ವಯಸ್ಸಿಗೆ ಇನ್ನೊಂದು ಹೆಣ್ಣು ನೋಡ್ಕೊಂಡ್ರಾ?" ಅವನೂ ನಕ್ಕ. ಮೊಟ್ಟೆ, ಸೊಪ್ಪು, ಮೊಸರು, ರಾತ್ರಿಗೆ ಹೂಕೋಸಿನ ಸೂಪು, ಅದರದೇ ಉಳಿಕೆ ಮರುದಿನದ ಬುತ್ತಿಗೆ. ಮೊದಲ ವಾರ ಸೂಪು ನೀರು ನೀರಾಗಿತ್ತು. ಆಮೇಲೆ ಅವಳ ಕೈ ಪಳಗಿತು. ಕೆಲವು ದಿನ ಅದು ಗಟ್ಟಿಯಾಗಿ, ನುಣ್ಣಗೆ, ಕೆನೆ ಹಾಕಿದ ಹಾಗೆ ಗಂಟಲಿಗೆ ಇಳಿಯುತ್ತಿತ್ತು. ಇವತ್ತು ಬಹಳ ಚೆನ್ನಾಗಿದೆ ಕಣೇ, ಎಂದು ಅವನು ಎರಡನೇ ಸಲ ಹಾಕಿಸಿಕೊಂಡ ದಿನ ಅವಳ ಮುಖದಲ್ಲಿ ಬಹಳ ಕಾಲದಿಂದ ಕಾಣದ ಒಂದು ನೆಮ್ಮದಿ ಕಂಡಿತ್ತು. ತನಗಾಗಿ ಇಷ್ಟು ಕಷ್ಟಪಟ್ಟು ರುಚಿ ಕಟ್ಟುತ್ತಿದ್ದಾಳಲ್ಲ ಎಂದು ಅವನಿಗೆ ಅವಳ ಮೇಲೆ ಹೊಸದಾಗಿ ಪ್ರೀತಿ ಬಂದಿತ್ತು. ಅದನ್ನೂ ಹೇಳಲಿಲ್ಲ.

ಕೌಂಟರಿನ ಸಣ್ಣ ಕಿಂಡಿಯಾಚೆ ಜನ ಸಾಲಾಗಿ ನಿಂತಿದ್ದರು. ನಿನ್ನೆ ಲಕೋಟೆಯ ಮೇಲಿನ ಹೆಸರು ಕಾಣದೆ, ಹೆಸರು ನೀವೇ ಹುಡುಕ್ಕೊಳ್ಳಿ, ಎಂದು ಕಟ್ಟನ್ನೇ ಒಬ್ಬ ಹೆಂಗಸಿನ ಮುಂದೆ ತಳ್ಳಿದ್ದ. ಅವಳು, ಓದೋಕೆ ಬರಲ್ವಾ ನಿಮಗೆ, ಎಂದಿದ್ದಳು, ನಿಜವಾಗಿ ಮರುಗಿ. ಇವತ್ತು ಹೆಸರುಗಳು ಕಾಣುತ್ತಿವೆ, ಮುಖಗಳು ಇಲ್ಲ. ಹಿಂದೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಎರಡನೇ ಕುರ್ಚಿಯವಳು ಕೂತಿದ್ದಳು. ಬೆಳಕು ಇಲ್ಲೇ ಚೆನ್ನಾಗಿದೆ ಸರ್, ನಾಲ್ಕು ದಿನಕ್ಕೆ ತಾನೆ, ಎಂದು ಮೊದಲ ದಿನ ಕೇಳಿ ಕೂತವಳು ಮೂರನೇ ದಿನ ಮನೆಯಿಂದ ಒಂದು ಹೂವಿನ ದಿಂಬು ತಂದು ಬೆನ್ನಿಗೆ ಇಟ್ಟುಕೊಂಡಿದ್ದಾಳೆ. ನಾಲ್ಕು ದಿನಕ್ಕೆ ಯಾರಾದರೂ ದಿಂಬು ತರುತ್ತಾರೆಯೆ? ಜನ ಕರಗಿದಾಗ ಅವನು ಕೆಳಗಿನ ಖಾನೆ ಎಳೆದು ಅಣ್ಣನ ಹೆಸರಿನ ವರದಿಗಳನ್ನು ಸಾಲಾಗಿ ಹರಡಿದ. ಒಟ್ಟು ಹನ್ನೊಂದು. ಮೊದಲ ಮೂರರಲ್ಲಿ ಸಕ್ಕರೆ ಮೆಟ್ಟಿಲಿಳಿದ ಹಾಗೆ ಇಳಿದಿತ್ತು. ಆಮೇಲೆ ಏರಿ, ಇಳಿದು, ಮತ್ತೆ ಏರಿ, ಕುಂಟುತ್ತ ನಡೆದಿತ್ತು. ಯಂತ್ರ ಕೆಟ್ಟಿದೆ ಎಂದು ಎರಡು ಸಲ ಅದನ್ನು ಬಿಚ್ಚಿ ತೊಳೆದಿದ್ದ. ಯಂತ್ರ ಸರಿಯಾಗಿತ್ತು. ತನ್ನ ಮೈಯೇ ತನಗೆ ಎರಡು ಬಗೆಯುತ್ತಿದೆ ಎಂದುಕೊಂಡಿದ್ದ. ಕನ್ನಡಕದಂಗಡಿಯವನ ಮಾತು ಮತ್ತೆ ಕಿವಿಯಲ್ಲಿ ಬಂತು: ಮಧ್ಯ ಮಧ್ಯ ಏನೋ ಬಾಯಿಗೆ ಹೋಗ್ತಿದೆ. ಅವನ ಬಾಯಿಗೆ ಹೋಗುವುದೆಲ್ಲ ಹೆಂಡತಿಯೊಬ್ಬಳ ಕೈಯಿಂದ. ಆ ಯೋಚನೆ ಬಂದದ್ದೇ ಅವನಿಗೆ ನಾಚಿಕೆಯಾಯಿತು. ತಾನು ಕಳ್ಳ, ಪರರ ನಂಬ ಎನ್ನುವುದಕ್ಕೆ ನೀನೇ ಉದಾಹರಣೆ, ಎಂದು ತನ್ನನ್ನು ತಾನೇ ಬೈದುಕೊಂಡ. ಆದರೂ ಹಿಂದಿನ ರಾತ್ರಿಯ ಸೂಪು ಗಟ್ಟಿಯಾಗಿತ್ತು ಎಂಬುದು ನೆನಪಾಯಿತು; ಅದರ ಹಿಂದಿನ ರಾತ್ರಿಯದು ತೆಳ್ಳಗಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಗೆ ಹೋದಾಗ ಅವನು ಬುತ್ತಿಯನ್ನು ಹಿಡಿದುಕೊಂಡು ಒಳಗೆ ಹೋದ. ಸ್ಲೈಡುಗಳಿಗೆ ಬಣ್ಣ ಹಾಕುವ ಕಟ್ಟೆಯ ಮೇಲೆ ನಾಲ್ಕು ಸಣ್ಣ ಬಾಟಲಿಗಳು ಯಾವಾಗಲೂ ಇದ್ದ ಕಡೆಯೇ ಇದ್ದವು. ಎಡದಿಂದ ಎರಡನೆಯದು ಅಯೋಡಿನ್. ಕ್ರಿಮಿಗಳಿಗೆ ಹತ್ತಿದ ಬಣ್ಣ ತೊಳೆದುಹೋಗದ ಹಾಗೆ ಹಿಡಿಸುವುದು ಅದರ ಇಲ್ಲಿನ ಕೆಲಸ. ಅದರ ಇನ್ನೊಂದು ಕೆಲಸ ಶಾಲೆಯಲ್ಲಿ ಕಲಿತದ್ದು. ಮೇಷ್ಟ್ರು ಆಲೂಗಡ್ಡೆಯ ಹೋಳಿನ ಮೇಲೆ ಒಂದು ಹನಿ ಬಿಟ್ಟಿದ್ದರು, ಅದು ಕಣ್ಣೆದುರೇ ಮಸಿಯ ಹಾಗೆ ನೀಲಿಯಾಗಿತ್ತು. ಪಿಷ್ಟ ಇದ್ದರೆ ನೀಲಿ, ಇಲ್ಲದಿದ್ದರೆ ಇಲ್ಲ, ಎಂದು ಇಡೀ ತರಗತಿ ಕೂಗಿ ಹೇಳಿತ್ತು. ಅವನು ಕೆಲಸ ಬಲ್ಲವನು. ಮೊದಲು ಒಂದು ಗಾಜಿನ ತಟ್ಟೆಯಲ್ಲಿ ಬರೀ ನೀರಿಗೆ ಒಂದು ಹನಿ ಬಿಟ್ಟ. ತೆಳು ಚಹಾದ ಬಣ್ಣ. ಎರಡನೇ ತಟ್ಟೆಗೆ ಸೂಪನ್ನು ಒಂದು ಚಮಚ ಹಾಕಿ, ಅದಕ್ಕೊಂದು ಹನಿ. ಹನಿ ಬಿದ್ದಲ್ಲೇ ಮಾಯವಾಯಿತು. ಹಗುರಾಗಿ, ಹೆಂಡತಿಗೆ ಮನಸ್ಸಿನಲ್ಲೇ ಕ್ಷಮೆ ಕೇಳುತ್ತ, ಲೆಕ್ಕಕ್ಕೆಂದು ಇನ್ನೆರಡು ಹನಿ ಬಿಟ್ಟ. ಮೊದಲ ಹನಿಯನ್ನು ಹೂಕೋಸಿನೊಳಗಿನ ಸಿ ಜೀವಸತ್ವ ನುಂಗಿತ್ತಷ್ಟೇ; ಈಗ ಬಿಳಿಯ ಸೂಪಿನ ನಡುವೆ ಒಂದು ನೀಲಿ ಚುಕ್ಕೆ ಎದ್ದಿತು. ಎದ್ದು ಹರಡಿತು. ಚಮಚದಿಂದ ಕಲಕಿದರೆ ಎಲ್ಲವೂ ಕಡು ನೀಲಿ. ಹೂಕೋಸಿನದೇ ಗುಣ ಇರಬಹುದು ಎಂದು ತಳದಲ್ಲಿದ್ದ ಒಂದು ತುಂಡನ್ನು ತೆಗೆದು, ನಲ್ಲಿಯ ಕೆಳಗೆ ತೊಳೆದು, ಸೀಳಿ, ಅದಕ್ಕೂ ಬಿಟ್ಟು ನೋಡಿದ. ಅದು ಕಂದಾಗಿಯೇ ಉಳಿಯಿತು. ಮೂವತ್ತೊಂದು ವರ್ಷದಲ್ಲಿ ಎಷ್ಟೋ ಮನೆಗಳ ಕೆಟ್ಟ ಸುದ್ದಿಯನ್ನು ಎಲ್ಲರಿಗಿಂತ ಮೊದಲು ನೋಡಿದವನು, ತನ್ನ ಮನೆಯದನ್ನು ಇಷ್ಟು ಸ್ಪಷ್ಟವಾಗಿ ನೋಡಬೇಕಾಗಿ ಬರುತ್ತದೆಂದು ಎಣಿಸಿರಲಿಲ್ಲ. ಮೋಸ ಎಂಬ ಮಾತು ಬಾಯಿಗೆ ಬಂತು. ಯಾರೂ ಇಲ್ಲದ ಕೋಣೆಯಲ್ಲಿ ಅದನ್ನು ಜೋರಾಗಿಯೇ ಹೇಳಿದ. ಮಿಕ್ಕ ಸೂಪಿಗೂ ಅಯೋಡಿನ್ ಸುರಿದು, ಬುತ್ತಿಯ ಮುಚ್ಚಳ ಬಿಗಿದು, ಬಾಟಲಿಯನ್ನು ಜೇಬಿಗೆ ಹಾಕಿಕೊಂಡ.

ಮೂರು ಗಂಟೆಗೆ ಡಾಕ್ಟರಮ್ಮ ಹತ್ತು ಸ್ಲೈಡುಗಳ ತಟ್ಟೆ ತಂದಿಟ್ಟರು. ಎರಡನೇ ಕುರ್ಚಿಯವಳು ತನ್ನ ದಿಂಬನ್ನು ಎತ್ತಿಕೊಂಡು ಎದ್ದು ನಿಂತಳು. ಹಳೆಯ ಕುರ್ಚಿ ಅವನ ಬೆನ್ನನ್ನು ಮರೆತಿರಲಿಲ್ಲ. ಮಧ್ಯಾಹ್ನ ಉಂಡಿರಲಿಲ್ಲ, ಆದರೂ ಬೆರಳುಗಳು ತಾವಾಗಿ ತಿರುಪನ್ನು ಹುಡುಕಿಕೊಂಡವು. ಗುಲಾಬಿ ಬಣ್ಣದ ಕಣಗಳು ಒಂದೊಂದಾಗಿ ಅಂಚು ಕಟ್ಟಿಕೊಂಡು ಎದ್ದು ಬಂದವು, ಪರಿಚಯದವರ ಹಾಗೆ. ಇಪ್ಪತ್ತು ನಿಮಿಷದಲ್ಲಿ ಹತ್ತೂ ಮುಗಿಸಿ ಬರೆದುಕೊಟ್ಟ. ಚೀಟಿಯ ಸಂಖ್ಯೆಗಳೂ ಕಂಡವು, ಸಾಲುಗಳೂ ಕಂಡವು. ಡಾಕ್ಟರಮ್ಮ ತಾಳೆ ನೋಡಿ, ಕನ್ನಡಕವನ್ನು ತಲೆಯ ಮೇಲೆ ಏರಿಸಿ ನಕ್ಕರು.

"ಹತ್ತಕ್ಕೆ ಹತ್ತು. ನಮ್ಮ ಸೂಜಿಗಣ್ಣ ವಾಪಸ್ಸು ಬಂದ್ರು. ನಾಳೆಯಿಂದ ಕುರ್ಚಿ ನಿಮ್ದೇ."

ಆಗ ಅವನಿಗೆ ಹೊಳೆಯಿತು. ಸಕ್ಕರೆ ಏರಿದಾಗ ಹತ್ತಿರದ್ದು ಕಾಣುತ್ತದೆ, ಇಳಿದಾಗ ದೂರದ್ದು. ಹತ್ತಿರದ್ದು ಇವತ್ತು ಕಾಣುತ್ತಿರುವುದು ನಿನ್ನೆಯ ಗಟ್ಟಿ ಸೂಪಿನಿಂದ. ಅವಳ ಮೋಸವೇ ಅವನನ್ನು ಇವತ್ತು ಪಾಸು ಮಾಡಿಸಿದೆ. ಹ್ಞೂಂ ಎಂದುಬಿಟ್ಟರೆ ಕುರ್ಚಿ ಅವನದು. ನಾಳೆಯೋ ನಾಡಿದ್ದೋ ಸಂಖ್ಯೆಗಳು ಮತ್ತೆ ಕದಡುತ್ತವೆ, ಮತ್ತೆ ಯಾವುದೋ ಮಗು ಯಾವನೋ ಮುದುಕನ ಸಾಲಿಗೆ ಹೋಗುತ್ತದೆ, ಎಲ್ಲ ಸಲವೂ ಹಿಡಿಯುವವರು ಇರುವುದಿಲ್ಲ. ಅವನು ತಿರುಪಿನಿಂದ ಕೈ ತೆಗೆದ.

"ಇವತ್ತು ಕಾಣ್ತಿದೆ ಡಾಕ್ಟರಮ್ಮ. ನಾಳೆದು ನನಗೆ ಗೊತ್ತಿಲ್ಲ. ಸಕ್ಕರೆ ಇದೆ ನನಗೆ. ಒಂದೇ ಸಮ ನಿಲ್ತಿಲ್ಲ."

ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಮೊದಲು ನಾಳೆ ನಿಮ್ಮ ಹೆಸರಲ್ಲೇ ರಕ್ತ ಕೊಡಿ. ಕಣ್ಣಿನ ಒಳಗೂ ತೋರಿಸ್ಬೇಕು. ಆರು ವಾರ ಒಂದೇ ಸಮ ನಿಂತ್ರೆ ಆಮೇಲೆ ಮಾತಾಡೋಣ. ಕುರ್ಚಿ ಎಲ್ಲಿಗೂ ಓಡಿಹೋಗಲ್ಲ," ಎಂದರು. ಅವರು ಹೋದ ಮೇಲೆ ಎರಡನೇ ಕುರ್ಚಿಯವಳು ದಿಂಬನ್ನು ಎದೆಗೆ ಅವುಚಿಕೊಂಡು ಹತ್ತಿರ ಬಂದಳು. "ಅವತ್ತು ನಿಮ್ಗೇ ಹೇಳ್ಬೇಕಿತ್ತು ಸರ್. ಆದ್ರೆ ನೀವು ಎದ್ದು ಹೋದಾಗ ನಿಮ್ಮ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ತಿರುಪು ದಿನಕ್ಕೊಂದು ಕಡೆ ಇರ್ತಿತ್ತು. ಒಂದು ತಿಂಗಳಿಂದ ನೋಡ್ತಿದ್ದೆ. ಕಣ್ಣು ಹೇಗಿದೆ ಸರ್ ಅಂತ ಎರಡು ಸಲ ಕೇಳಿದೆ. ಚೆನ್ನಾಗಿದೆ ಅಂದ್ರಿ." ಹೌದು, ಕೇಳಿದ್ದಳು. ಅವನು ಎದ್ದು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದ. ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ದಿಂಬು ಕೂತ ಮೆತ್ತನೆಯ ಸದ್ದು ಕೇಳಿಸಿತು.

ಮನೆಯಲ್ಲಿ ಹೆಂಡತಿ ಎಂದಿನ ಹಾಗೆ ಅವನ ಕೈಯಿಂದ ಬುತ್ತಿ ತೆಗೆದುಕೊಂಡು ಸಿಂಕಿನ ಕಡೆ ನಡೆದಳು. ಅವನು ಚಪ್ಪಲಿ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತ. ಮುಚ್ಚಳ ತಿರುಗಿಸಿದವಳು ಹಿಂದಕ್ಕೆ ಸರಿದಳು.

"ಅಯ್ಯೋ, ಇದೇನ್ರೀ ಇದು ನೀಲಿ!"

"ನಿನ್ನ ಸೂಪು. ಏನು ಬೆರೆಸಿದ್ದೆ?"

ಅವಳು ಬುತ್ತಿಯನ್ನು ನೋಡಿದಳು, ಅವನನ್ನು ನೋಡಿದಳು. ಸುಳ್ಳು ಹೇಳುತ್ತಾಳೆಂದು ಅವನು ಕಾದ. ಹೇಳಲಿ ಎಂದು ಆಸೆಯೂ ಇತ್ತು. ಅವಳು ಹೇಳಲಿಲ್ಲ.

"ಅನ್ನ. ಒಂದು ಸೌಟು, ಮಿಕ್ಸೀಲಿ ನುಣ್ಣಗೆ ಮಾಡಿ ಹಾಕ್ದೆ."

"ದಿನಾನಾ?"

"ದಿನಾ ಇಲ್ಲ. ನೀವು ತೀರಾ ಸೋತು ಬಂದ ದಿನ."

"ನಂಬಿಸಿ ಕತ್ತು ಕೊಯ್ದೆಯಲ್ಲೇ. ಚೆನ್ನಾಗಿದೆ ಚೆನ್ನಾಗಿದೆ ಅಂತ ತಿಂತಿದ್ದೆ ನಾನು, ನೀನು ನೋಡ್ಕೊಂಡು ಕೂತಿದ್ದೆ!"

"ಹ್ಞೂಂ, ನೋಡ್ಕೊಂಡು ಕೂತಿದ್ದೆ. ಇನ್ನೇನು ಮಾಡ್ಲಿ? ಬೆಲ್ಟಿಗೆ ಮೂರು ತೂತು ಹೊಸದಾಗಿ ಹೊಡೆದ್ರಿ. ಕತ್ತಿನ ಮೂಳೆ ಎದ್ದು ಕಾಣ್ತಿದೆ. ಹೊಟ್ಟೆ ಕರಗಿಸ್ತೀನಿ ಅಂದಾಗ ನಕ್ಕೆ, ಆಮೇಲೆ ನಗು ಬರ್ಲಿಲ್ಲ. ನಿಮ್ಮಣ್ಣನೂ ಹೀಗೇ ಒಂದೊಂದೇ ಬಿಟ್ಕೊಂಡು ಹೋಗಿದ್ದಲ್ವಾ? ಹೊಟ್ಟೆಗೆ ಹಿಟ್ಟಿಲ್ಲದೆ ಒಣಗ್ತಿರೋ ಗಂಡನ ತಟ್ಟೆಗೆ ಒಂದು ಸೌಟು ಅನ್ನ ಕದ್ದು ಹಾಕೋದು ಕತ್ತು ಕೊಯ್ಯೋದಾ?"

ಅವನು ಒಳಜೇಬಿನಿಂದ ಹನ್ನೊಂದು ಕಾಗದಗಳನ್ನು ತೆಗೆದು ಕಟ್ಟೆಯ ಮೇಲಿಟ್ಟ. ಇದನ್ನು ನೋಡಿದರೆ ಅವಳ ಬಾಯಿ ಕಟ್ಟುತ್ತದೆ, ಏರಿದ ಒಂದೊಂದು ಅಂಕಿಯ ಪಕ್ಕದಲ್ಲೂ ಅವಳ ಸೌಟು ಕಾಣುತ್ತದೆ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಮೇಲಿನದನ್ನು ಎತ್ತಿಕೊಂಡಳು. ಅಂಕಿಯ ಕಡೆ ಅವಳ ಕಣ್ಣು ಹೋಗಲೇ ಇಲ್ಲ. ಹೆಸರಿನ ಮೇಲೆ ನಿಂತಿತು.

"ಭಾವನ ಹೆಸರು," ಎಂದಳು. "ಭಾವ ಹೋ‍ಗಿ ಒಂಬತ್ತು ವರ್ಷ ಆಯ್ತು. ಇದರಲ್ಲಿ ಹೋದ ಸೋಮವಾರದ ತಾರೀಖಿದೆ." ಇನ್ನೊಂದು ಎತ್ತಿದಳು. ಅದರಲ್ಲೂ ಅದೇ ಹೆಸರು. ಐದನೆಯದನ್ನು ನೋಡುವಾಗ ಅವಳ ಕೈ ನಿಂತಿತು. "ಇದು ನಿಮ್ದಾ?"

ಅವನು ತಲೆಯಾಡಿಸಿದ.

"ಎಷ್ಟು ದಿನದಿಂದ?"

"ಎರಡು ತಿಂಗಳು."

ಅವಳು ಕಾಗದಗಳನ್ನು ಒಂದರ ಮೇಲೊಂದು ಅಂಚು ಸೇರಿಸಿ ಜೋಡಿಸಿದಳು. ಧ್ವನಿ ಏರಲಿಲ್ಲ. "ಎರಡು ವರ್ಷ ಆ ಮನುಷ್ಯನ ಕೈ ಹಿಡಿದು ಬಚ್ಚಲಿಗೆ ಕರ್ಕೊಂಡು ಹೋದವಳು ನಾನು. ನನಗೆ ಹೇಳೋಕಾಗ್ಲಿಲ್ಲ ನಿಮ್ಗೆ. ಸತ್ತೋರ ಹೆಸರಿಗೆ ನಿಮ್ಮ ರಕ್ತ ಬರೆಸಿದ್ರಿ. ನಿಮ್ಮ ಹೆಸರಿರೋ ಒಂದೇ ಒಂದು ಕಾಗದ ಈ ಮನೇಲಿ ಇದ್ದಿದ್ರೆ, ಒಂದಗುಳು ಹಾಕ್ತಿದ್ನಾ ನಾನು? ಕತ್ತು ಕೊಯ್ದೋರು ಯಾರು ಹೇಳಿ."

ಶಕ್ತಿ ಇಲ್ಲ ಅಂದಿದ್ದೆಯಲ್ಲ, ಅದಕ್ಕೇ, ಎಂದು ಹೇಳಬೇಕೆಂದುಕೊಂಡ. ಹೇಳಿದರೆ ಅದೂ ಅವಳ ಮೇಲೆ ಹೊರಿಸಿದ ಹಾಗೆಯೇ ಆಗುತ್ತಿತ್ತು. ಕರುಣೆ ಎಂದು ಎರಡು ತಿಂಗಳು ಕರೆದುಕೊಂಡು ಬಂದದ್ದು ಹೇಡಿತನ ಎಂದು ಅವನಿಗೆ ಈಗ ಗೊತ್ತಿತ್ತು. ಗೊತ್ತಾದ ಮಾತ್ರಕ್ಕೆ ಎದೆಯೊಳಗಿನ ನೀಲಿ ತಿಳಿಯಾಗಲಿಲ್ಲ. ತಪ್ಪು ತನ್ನದೇ ಎಂದು ಒಪ್ಪಿಕೊಂಡವನಿಗೂ ಮೋಸಹೋದ ನೋವು ಕಡಿಮೆಯಾಗುವುದಿಲ್ಲ, ಅದು ಅವನಿಗೆ ಹೊಸ ಪಾಠ. ಅವಳು ನೀಲಿ ಸೂಪನ್ನು ಚೆಲ್ಲಿ, ಬುತ್ತಿ ತಿಕ್ಕಿ, ಹೊಸ ಹೂಕೋಸು ತೆಗೆದು ಹೆಚ್ಚತೊಡಗಿದಳು. ಅವನು ಊಟದ ಮೇಜಿನ ಒಂದು ತುದಿಯಲ್ಲಿ ಕೂತು ಚಾಕುವಿನ ಸದ್ದು, ನೀರಿನ ಸದ್ದು, ಮಿಕ್ಸಿಯ ಸದ್ದು ಕೇಳಿಸಿಕೊಂಡ. ಮಿಕ್ಸಿ ಎಷ್ಟು ಹೊತ್ತು ಓಡಿತೆಂದು ಮನಸ್ಸು ತಾನಾಗಿ ಲೆಕ್ಕ ಹಾಕಿತು. ಅನ್ನದ ಪಾತ್ರೆಯ ಮುಚ್ಚಳ ಸದ್ದಾಯಿತೇ ಎಂದೂ ಕಿವಿಗೊಟ್ಟ. ಛೇ, ಎಂದುಕೊಂಡ, ಮತ್ತೆ ಕಿವಿಗೊಟ್ಟ. ಆರು ವಾರ, ದಿನಕ್ಕೆ ಎರಡು ಹೊತ್ತು, ಹೀಗೆ ಕೂತು ಕೇಳಿಸಿಕೊಳ್ಳಬೇಕೆ?

ಅವಳು ಬಟ್ಟಲನ್ನು ತಂದು ಅವನ ಮುಂದೆ ಇಟ್ಟು, ಮೇಜಿನ ಆ ತುದಿಯಲ್ಲಿ ಕೂತಳು. ಸೂಪು ತೆಳ್ಳಗೆ, ಬೆಳ್ಳಗೆ, ಹಬೆಯಾಡುತ್ತಿತ್ತು. ಅವನು ಚಮಚ ಎತ್ತಿಕೊಂಡ. ಇನ್ನೊಂದು ಕೈ ಜೇಬಿಗೆ ಹೋಗಿ ಬಾಟಲಿಯನ್ನು ಮುಟ್ಟಿತ್ತು. ಅವನು ಕಳಿಸಿದ್ದಲ್ಲ, ತಾನೇ ಹೋಗಿತ್ತು. ಅವಳು ನೋಡಿದಳು.

"ಏನದು ಜೇಬಲ್ಲಿ?"

ಅವನು ಬಾಟಲಿಯನ್ನು ತೆಗೆದು ಮೇಜಿನ ಮೇಲಿಟ್ಟ. ಕೈ ತೊಳೆದುಕೊಳ್ಳುವ ಹಾಗೆ, ದೂರ ಸರಿಸಿಯೂ ಇಟ್ಟ.

"ಇದರಿಂದಲಾ ನೀಲಿ ಆಗಿದ್ದು? ಹಾಕಿ ನೋಡಿ," ಎಂದಳು.

ಬೇಡ, ನಿನ್ನ ಮೇಲೆ ನಂಬಿಕೆ ಇದೆ, ಎನ್ನುವ ಮಾತು ಗಂಟಲ ತನಕ ಬಂದಿತ್ತು. ಮೂವತ್ತೊಂದು ವರ್ಷದ ಕಸುಬು ಅದಕ್ಕಿಂತ ಮೊದಲು ಬಾಯಿ ತೆರೆಯಿತು.

"ಬಿಸಿ ಇದೆ. ಬಿಸೀಲಿ ಗೊತ್ತಾಗಲ್ಲ."

ಹೇಳಿದ ಮೇಲೆ ಅವನಿಗೆ ಅದು ಕೇಳಿಸಿತು. ಅವಳಿಗೂ ಕೇಳಿಸಿತ್ತು.

"ಹಾಗಾದ್ರೆ ಆರಲಿ," ಎಂದು ಅವಳು ಕೈಗಳನ್ನು ಮೇಜಿನ ಮೇಲೆ ಮಡಚಿಟ್ಟುಕೊಂಡು ಕೂತಳು.

ಇಬ್ಬರೂ ಕೂತರು. ಹಬೆ ಮೊದಲು ದಪ್ಪನಾಗಿ ಎದ್ದಿತು, ಆಮೇಲೆ ಎಳೆಯಾಯಿತು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಸೂಪಿನ ಮೇಲೆ ಸುಕ್ಕುಸುಕ್ಕಾದ ತೆಳು ಪೊರೆ ಕಟ್ಟಿತು. ಈಗಲೂ ಚಮಚ ಮುಳುಗಿಸಿ ಕುಡಿದುಬಿಡಬಹುದು ಎಂದು ಅವನು ಮೂರು ಸಲ ಅಂದುಕೊಂಡ. ಕೊನೆಗೆ ಅವಳೇ ಬಟ್ಟಲಿನ ಹೊಟ್ಟೆಯನ್ನು ಬೆರಳ ಬೆನ್ನಿನಿಂದ ಮುಟ್ಟಿ ನೋಡಿ, ಬಾಟಲಿಯನ್ನು ಅವನ ಕಡೆಗೆ ತಳ್ಳಿದಳು. ಅವನು ಒಂದು ಹನಿ ಬಿಟ್ಟ. ಅದು ಮಾಯವಾಯಿತು. ಒಂದು ಹನಿ ಸಾಲದೆಂದು ಅವನಿಗೆ ಗೊತ್ತಿತ್ತು. ಇನ್ನೆರಡು ಬಿಟ್ಟ. ಚಹಾದ ಬಣ್ಣ ಹರಡಿತು, ಹರಡಿ ನಿಂತಿತು. ನೀಲಿ ಏಳಲಿಲ್ಲ.

"ಏನಿಲ್ಲ," ಎಂದ.

"ಏನಿಲ್ಲ ಅಲ್ವಾ," ಎಂದಳು.

ಅವನು ತಲೆಯೆತ್ತಿ ನೋಡಿದ. ಬಟ್ಟಲು ಅದರ ಅಂಚಿನ ಸಣ್ಣ ಸೀಳಿನ ಸಮೇತ ಸ್ಪಷ್ಟವಾಗಿ ಕಾಣುತ್ತಿತ್ತು. ಮೇಜಿನಾಚೆಯ ಮುಖ ಮಾತ್ರ ಮಂಜು. ಅವಳು ಅಳುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ಚಮಚವನ್ನು ಸೂಪಿಗೆ ಇಳಿಸಲು ಹೋದ. ಅವಳು ಎದ್ದು ಬಂದು ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು.

"ಔಷಧಿ ಬಿದ್ದಿದೆಯಲ್ಲ. ಇನ್ನು ಇದನ್ನ ಕುಡಿಯೋ ಹಾಗಿಲ್ಲ," ಎಂದು ಒಳಗೆ ತೆಗೆದುಕೊಂಡು ಹೋಗಿ ಸಿಂಕಿಗೆ ಸುರಿದಳು.